ಕಂಡಕ್ಟರಮ್ಮನ ಇಪ್ಪತ್ತು ದಂಡ

ನಾನು ಬಸ್ ಕಂಡಕ್ಟರ್. ವಯಸ್ಸು ನಲವತ್ತಮೂರು. ಮಳವಳ್ಳಿಯಿಂದ ಕಿರುಗಾವಲು, ಬನ್ನೂರಿನ ಮೇಲೆ ಮೈಸೂರಿಗೆ ಹೋಗಿ ಬರುವ ಬಸ್ಸಿನಲ್ಲಿ ಒಂಬತ್ತು ವರ್ಷದಿಂದ ಟಿಕೆಟ್ ಕೊಡುತ್ತಿದ್ದೇನೆ. ದಿನವಿಡೀ ನಿಂತೇ ಇರುತ್ತೇನೆ, ಜನರ ನಡುವೆ ನುಗ್ಗಿ ಹಿಂದಿನಿಂದ ಮುಂದಕ್ಕೆ ನಡೆಯುತ್ತೇನೆ, ಹಾಗಾಗಿ ನನ್ನಷ್ಟು ಗಟ್ಟಿ ಹೆಂಗಸು ಇಲ್ಲ ಎಂದುಕೊಂಡಿದ್ದೆ. ಆ ಭ್ರಮೆ ಹರಿದದ್ದು ಯುಗಾದಿ ಮುಗಿದ ಮರುವಾರ, ಒಂದು ಎಮ್ಮೆಯಿಂದ.

ಕಿರುಗಾವಲು ಇನ್ನೇನು ಅರ್ಧ ಕಿಲೋಮೀಟರ್ ಇತ್ತು. ಕಬ್ಬಿನ ಗದ್ದೆಯಿಂದ ಎಮ್ಮೆ ಸೀದಾ ರಸ್ತೆಗೆ ಬಂತು. ಡ್ರೈವರು ಬ್ರೇಕ್ ತುಳಿದರು. ನನ್ನ ಒಂದು ಕೈಯಲ್ಲಿ ಟಿಕೆಟ್ ಮಿಷನ್ನು, ಇನ್ನೊಂದರಲ್ಲಿ ಯಾರದೋ ಆಧಾರ್ ಕಾರ್ಡು. ಕಂಬಿ ಹಿಡಿಯಲು ಕೈ ಇರಲಿಲ್ಲ. ಸೀಟುಗಳ ನಡುವಿನ ದಾರಿಯಲ್ಲಿ ಉದ್ದಕ್ಕೆ, ಮುಖ ಅಡಿಯಾಗಿ ಬಿದ್ದೆ.

ಪೆಟ್ಟೇನೂ ಆಗಲಿಲ್ಲ. ಅಂಗೈ ನೆಲಕ್ಕೂರಿ ಏಳಲು ಹೋದೆ. ಏಳಲಾಗಲಿಲ್ಲ! ತೋಳು ಗಡಗಡ ನಡುಗಿದವು, ಎದೆ ನೆಲ ಬಿಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದೆ. ಊಹೂಂ. ಕೊನೆಗೆ ಸೊಪ್ಪಿನ ಮಂಕರಿ ಇಟ್ಟುಕೊಂಡು ಕೂತಿದ್ದ ಒಬ್ಬ ಅಜ್ಜಿ, ಇನ್ನಿಬ್ಬರು ಹೆಂಗಸರು ಸೇರಿ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು.

"ಏನ್ ಕಂಡಕ್ಟ್ರವ್ವ, ಬತ್ತದ ಮೂಟೆ ಬೇಕಾದ್ರೆ ಎತ್ತಬೋದು, ನಿನ್ನ ಎತ್ತಕ್ಕಾಗಾಕಿಲ್ಲ ಕಣವ್ವ" ಎಂದಳು ಅಜ್ಜಿ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆದರೆ ಒಳಗೆ ಚುರುಕ್ ಎಂದಿತು.

ನಮ್ಮ ಬಸ್ಸಿನ ಡ್ರೈವರಿಗೆ ಐವತ್ತನಾಲ್ಕು. ಹುಡುಗರಾಗಿದ್ದಾಗ ಗರಡಿಮನೆಯಲ್ಲಿ ಸಾಮು ಮಾಡಿದವರು. ಈಗಲೂ ದಿನಾ ಬೆಳಿಗ್ಗೆ ಡ್ಯೂಟಿಗೆ ಮುಂಚೆ ಬಸ್ಸಿನ ಹಿಂದೆ ಟವಲು ಹಾಸಿ ಮೂವತ್ತು ದಂಡ ಹೊಡೆಯುತ್ತಾರೆ. ಹುಡುಗರು ಪುಷ್‌ಅಪ್ ಎನ್ನುವುದನ್ನು ಅವರು ದಂಡ ಎಂದೇ ಕರೆಯುವುದು. ಅವತ್ತು ಮಧ್ಯಾಹ್ನ ಮಳವಳ್ಳಿಯಲ್ಲಿ ಟೀ ಕುಡಿಯುವಾಗ ಅವರು ನನ್ನ ತೋಳನ್ನೇ ನೋಡಿ ಹೇಳಿದರು.

"ತೂಕ ಇರದು ತೆಪ್ಪಲ್ಲ ಕಣಮ್ಮ. ನಿನ್ನ ತೂಕ ನಿನ್ನ ಕೈಲೇ ಎತ್ತಕ್ಕಾಗ್ದಿದ್ರೆ ಅದು ತೆಪ್ಪು. ಒಂದು ದಂಡ ಒಡಿ, ನೋಡಾನ."

"ಒಂದ್ ಯಾಕಣ್ಣ? ಆಯುಧಪೂಜೆ ದಿನ ಡಿಪೋದಲ್ಲಿ ಎಲ್ರ ಮುಂದೆ ಇಪ್ಪತ್ ಒಡಿತೀನಿ" ಎಂದುಬಿಟ್ಟೆ.

ಪಕ್ಕದ ಬೆಂಚಿನಲ್ಲಿ ಮೂವರು ಡ್ರೈವರುಗಳು, ಒಬ್ಬ ಮೆಕ್ಯಾನಿಕ್ ಕೂತಿದ್ದರು. ಸಂಜೆಯ ಹೊತ್ತಿಗೆ ಇಡೀ ಡಿಪೋಗೆ ಸುದ್ದಿ ಮುಟ್ಟಿತ್ತು.

ಮನೆಗೆ ಬಂದು ಹೇಳಿದರೆ ಯಜಮಾನರು ತಟ್ಟೆಯಿಂದ ತಲೆ ಎತ್ತದೆ "ಇಪ್ಪತ್ತಾ?" ಎಂದರು. ಪಿಯುಸಿ ಓದುವ ಮಗಳು ಮಾತ್ರ ಎದ್ದು ನಿಂತಳು. "ಅರ್ಧಂಬರ್ಧ ಲೆಕ್ಕಕ್ಕಿಲ್ಲಮ್ಮ. ಎದೆ ಕೆಳಗೆ ಮಡಿಸಿದ ಟವಲ್ ಇಡ್ತೀನಿ. ಅದಕ್ಕೆ ಮುಟ್ಟಬೇಕು, ಮೇಲೆ ಬಂದಾಗ ಕೈ ನೆಟ್ಟಗಾಗಬೇಕು. ಸೊಂಟ ಮೊದಲು ಎದ್ರೆ ಔಟ್." ಅವಳು ಕಬಡ್ಡಿ ಆಡುವವಳು, ನಿಯಮದಲ್ಲಿ ಅಪ್ಪ-ಅಮ್ಮ ನೋಡುವವಳಲ್ಲ.

ನಡುಮನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಕೆಳಗೆ ಹೋದೆ, ಅಲ್ಲೇ ಉಳಿದೆ. ಸೊನ್ನೆ.

ನನ್ನ ಅತ್ತೆ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕೊತ್ತತ್ತಿಯವರು. ಎಪ್ಪತ್ತರ ಹತ್ತಿರ ವಯಸ್ಸು, ಒಣ ಕಡ್ಡಿಯಂಥ ಮೈ. ನಾಲೆ ಬಯಲಿನಲ್ಲಿ ನಲವತ್ತು ವರ್ಷ ನಾಟಿ ಹಾಕಿದ್ದಾರೆ, ಕಳೆ ಕಿತ್ತಿದ್ದಾರೆ. "ಅದ್ಯಾಕೆ ಹಲ್ಲಿಯಂಗೆ ನೆಲ ಕಚ್ಕಂಡು ಬಿದ್ದಿದ್ದೀಯೆ? ಸರಿ, ಅತ್ತಗೆ ಜರುಗು" ಎಂದು ಮೊರ ಬದಿಗಿಟ್ಟರು. ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಸಿಕ್ಕಿಸಿ, ಅಂಗೈ ಊರಿ, ಕಾಲು ಹಿಂದಕ್ಕೆ ಚಾಚಿದರು. ಕೆಳಗೆ ಹೋದರು. ಎದೆ ಟವಲಿಗೆ ಮುಟ್ಟಿತು. ಮೇಲೆ ಬಂದರು. ಇನ್ನೊಮ್ಮೆ. ಮೂರನೆಯದಕ್ಕೆ ನಗು ಬಂದು ಕುಸಿದರು.

"ಎರಡು! ಎರಡೂ ಕರೆಕ್ಟು!" ಎಂದು ಮಗಳು ಕಿರುಚಿದಳು. ಯಜಮಾನರು ಊಟ ಬಿಟ್ಟು ಎದ್ದು ಬಂದರು. ನನಗೆ ನಾಚಿಕೆಯಾಗಬೇಕಿತ್ತು, ಅದರ ಬದಲು ಮೈಯೆಲ್ಲ ಜುಮ್ಮೆಂದಿತು. ಈ ಮುದುಕಿಯ ಕೈಯಲ್ಲಿ ಆಗುವುದು ನನ್ನ ಕೈಯಲ್ಲಿ ಯಾಕಾಗಬಾರದು?

ಮಾರನೆಯ ದಿನದಿಂದ ಶುರು. ಮೊದಲು ಗೋಡೆಗೆ ಕೈಯೂರಿ ತಳ್ಳುವುದು. ಡ್ರೈವರಣ್ಣನೇ ಹೇಳಿಕೊಟ್ಟರು. ಗೋಡೆ ಸಲೀಸಾದ ಮೇಲೆ ಬಸ್ಸಿನ ಸೀಟಿಗೆ ಕೈಯೂರಿ, ಆಮೇಲೆ ಬಸ್ಸು ಹತ್ತುವ ಮೆಟ್ಟಿಲಿಗೆ. ಎತ್ತರ ಕಡಿಮೆಯಾದಷ್ಟೂ ಮೈ ಭಾರ. ಮಳವಳ್ಳಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಖಾಕಿ ಪ್ಯಾಂಟು-ಶರಟಿನಲ್ಲಿ ನಾನು ಹಿಂಬಾಗಿಲ ಮೆಟ್ಟಿಲಿಗೆ ಕೈಯೂರಿ ಏರಿಳಿಯುತ್ತಿದ್ದರೆ ಹತ್ತಲು ಬಂದ ಹೆಂಗಸರು ಸುತ್ತ ನಿಲ್ಲುತ್ತಿದ್ದರು.

"ಏನವ್ವ, ಬಸ್ಸು ಪಂಚರಾ?"

"ಇಲ್ಲ ಕಣಮ್ಮ, ನಾನೇ ಪಂಚರ್ ಆಗಿದ್ದೆ, ರಿಪೇರಿ ಮಾಡ್ಕತಾ ಇವ್ನಿ."

ಉಸಿರಿನದೇ ದೊಡ್ಡ ತೊಂದರೆಯಾಗಿತ್ತು. ನಾನು ಹಲ್ಲು ಕಚ್ಚಿ ಉಸಿರು ಬಿಗಿ ಹಿಡಿಯುತ್ತಿದ್ದೆ. ಡ್ರೈವರಣ್ಣ ಬೈದರು: "ಉಸ್ರು ಕಟ್ಟಬ್ಯಾಡ್ವಮ್ಮ! ಕೆಳಿಕೋಗವಾಗ ಎಳ್ಕೊ, ಮ್ಯಾಕೆ ಬರವಾಗ ಬುಡು. ಅಷ್ಟೆ."

ಅಷ್ಟೇ ಆಗಿತ್ತು. ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಐದೂವರೆ. ಡ್ಯೂಟಿಗೆ ಹೊರಡುವ ಮುಂಚೆ ನಡುಮನೆಯಲ್ಲಿ ನೆಲಕ್ಕೆ ಕೈಯೂರಿದೆ. ಟವಲು ಎದೆಗೆ ತಾಗಿತು. ಉಸಿರು ಬಿಟ್ಟೆ. ತೋಳು ನಡುಗಿತು, ಮೊಣಕೈ ಒಂದಿಷ್ಟು ಬಿಚ್ಚಿಕೊಂಡಿತು, ಇನ್ನೊಂದಿಷ್ಟು, ಆಮೇಲೆ ಪೂರ್ತಿ ನೆಟ್ಟಗಾಯಿತು! ನೆಲ ನನ್ನಿಂದ ದೂರ ಹೋಯಿತು. ಅರವತ್ತೆಂಟು ಕೆಜಿ ಹೆಂಗಸನ್ನು ನಾನೇ ಎತ್ತಿದ್ದೆ.

ಕೂಗಿದ ಕೂಗಿಗೆ ಮಗಳು ದಡಬಡಿಸಿ ಎದ್ದು ಬಂದಳು. "ನಾನು ನೋಡಿಲ್ಲ, ಲೆಕ್ಕಕ್ಕಿಲ್ಲ" ಎಂದಳು, ಕಣ್ಣುಜ್ಜಿಕೊಳ್ಳುತ್ತ. ಅವಳ ಮುಂದೆ ಮತ್ತೆ ಮಾಡಿದೆ. ಈಗ ಅವಳು ಕೂಗಿದಳು. ಪಕ್ಕದ ಮನೆಯಾಕೆ ಕಿಟಕಿಯಿಂದ "ಹಾವು ಬಂತಾ?" ಎಂದು ಕೇಳಿದಳು. ಅವತ್ತು ಬಸ್ಸಿನಲ್ಲಿ ನಾನು ಟಿಕೆಟ್ ಕೊಟ್ಟವರಿಗೆಲ್ಲ ನಗುನಗುತ್ತ ಕೊಟ್ಟೆ. ಒಬ್ಬ ಮುದುಕಪ್ಪ ಅನುಮಾನದಿಂದ ಟಿಕೆಟನ್ನು ಎರಡು ಸಲ ತಿರುಗಿಸಿ ನೋಡಿದ.

ಒಂದು ಎರಡಾಯಿತು, ಎರಡು ಐದಾಯಿತು, ಐದು ಎಂಟಾಯಿತು. ಎಂಟರಲ್ಲಿ ನಿಂತುಬಿಟ್ಟಿತು. ಒಂದು ತಿಂಗಳಿಗೂ ಹೆಚ್ಚು ಎಂಟೇ. ಬಲಗೈ ಮಣಿಕಟ್ಟು ಬೇರೆ ನೋಯಲು ಶುರುವಾಯಿತು. ದುದ್ದದ ತವರಿಗೆ ಎರಡು ದಿನ ಹೋದಾಗ ಅಮ್ಮ ಬಿಸಿ ಎಣ್ಣೆ ತಿಕ್ಕಿ, "ಸಾಕು ಬುಡವ್ವ, ಯಾರ್ ಕೇಳ್ತಾರೆ ಇದ್ನೆಲ್ಲ" ಎಂದಳು. ಯಾರೂ ಕೇಳುವುದಿಲ್ಲ, ನಿಜ. ಆದರೆ ಒಂಬತ್ತು ಹೇಗಿರುತ್ತದೆ ಎಂದು ನನಗೆ ನೋಡಬೇಕಿತ್ತು. ಒಂದು ವಾರ ಸುಮ್ಮನಿದ್ದು, ಮತ್ತೆ ಹಿಡಿದೆ. ಆ ಬಿಡುವೇ ಬೇಕಿತ್ತೋ ಏನೋ, ಮೊದಲ ದಿನವೇ ಹತ್ತು! ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಹದಿನೇಳು. ಇಪ್ಪತ್ತನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಡಿಪೋ ಮದುವೆಮನೆಯಂತಿತ್ತು. ಬಸ್ಸುಗಳು ತೊಳೆಸಿಕೊಂಡು ಮಿರಮಿರ ಮಿಂಚುತ್ತಿದ್ದವು. ಎಲ್ಲದಕ್ಕೂ ಬಾಳೆಕಂದು, ಚೆಂಡುಹೂವಿನ ಹಾರ. ನೌಕರರ ಮನೆಮಂದಿಯೆಲ್ಲ ಬಂದಿದ್ದರು. ನಮ್ಮ ಮನೆಯಿಂದಲೂ ಎಲ್ಲರೂ. ಪೂಜೆ ಮುಗಿದು ಬೂದುಗುಂಬಳ ಒಡೆದದ್ದೇ ತಡ, ಮೆಕ್ಯಾನಿಕ್ ಕೂಗಿದ: "ಎಲ್ಲವ್ವ ನಮ್ಮ ಪೈಲ್ವಾನಮ್ಮ?"

ಜಮಖಾನ ಹಾಸಿದರು. ನನ್ನ ಪಕ್ಕಕ್ಕೆ ಡ್ರೈವರಣ್ಣ ತಮ್ಮ ಟವಲನ್ನೂ ಹಾಸಿದರು. "ಒಬ್ಳೇ ಒಡೆದ್ರೆ ಬ್ಯಾಸ್ರ. ಜತೇಲಿ ಒಡಿಯಾನ. ನೀನು ಇಪ್ಪತ್ತು, ನಾನು ಮೂವತ್ತು." ಮಗಳು ನನ್ನ ಎದೆ ಕೆಳಗೆ ಮಡಿಸಿದ ಟವಲಿಟ್ಟು, ಇಬ್ಬರ ಎದೆ ಕಾಣುವಂತೆ ಮಂಡಿಯೂರಿ ಕೂತಳು.

ಸುತ್ತ ನೂರು ಜನ. ಒಂದು, ಎರಡು, ಮೂರು ಎಂದು ಎಲ್ಲರೂ ಎಣಿಸತೊಡಗಿದರು. ಎಂಟು ದಾಟಿತು, ಗೊತ್ತೇ ಆಗಲಿಲ್ಲ. ಹತ್ತು. ನನ್ನ ಕಿವಿಯಲ್ಲಿ ನನ್ನದೇ ರಕ್ತ ಬಡಿಯುವ ಸದ್ದು. ಹನ್ನೆರಡರಲ್ಲಿ ಪಕ್ಕದಿಂದ "ಅಬ್ಬಾ" ಎಂಬ ದನಿ ಬಂತು. ಡ್ರೈವರಣ್ಣ ಎಡಭುಜ ಹಿಡಿದು ಟವಲಿನ ಮೇಲೆ ಕುಸಿದಿದ್ದರು. ಎಣಿಕೆ ನಿಂತಿತು. ಜನ ಅವರತ್ತ ಬಾಗಿದರು. ನಾನೂ ನಿಲ್ಲಿಸಲು ಹೊರಟೆ.

"ಬಂದ್ರೆ ಒದ್ದೇನು, ಯಾರೂ ಮುಟ್ಬ್ಯಾಡಿ!" ಎಂದರು ಅವರು, ಕೆನ್ನೆ ನೆಲಕ್ಕೆ ಆನಿಸಿಕೊಂಡೇ. "ಭುಜ ನೋಯ್ತದೆ ಅಷ್ಟೆ, ತಿಂಗ್ಳಿಂದ ಇದ್ದದ್ದೆ. ನೀನ್ಯಾಕಮ್ಮ ನಿಂತ್ಕಂಡೆ? ಅದಿಮೂರು! ಒಡಿ!"

ಮಲಗಿದಲ್ಲಿಂದಲೇ ಅವರು ಎಣಿಸಿದರು. ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ ಅವರ ಮುಖ, ಬೆವರು, ನೋವು, ಆದರೂ ಹಲ್ಲು ಕಾಣುವ ನಗು. ಹದಿನಾಲ್ಕು. ಹದಿನೈದು. ಹದಿನೇಳಕ್ಕೆ ಕಣ್ಣು ಮಂಜಾಯಿತು. "ಉಸ್ರು ಬುಡು, ಉಸ್ರು ಬುಡು!" ಹದಿನೆಂಟಕ್ಕೆ ತೋಳು ಎರಡೂ ತಮ್ಮ ಪಾಡಿಗೆ ನಡುಗುತ್ತಿದ್ದವು. ಹತ್ತೊಂಬತ್ತು. ಇಪ್ಪತ್ತು! ಡಿಪೋ ಗುಲ್ಲೆಂದಿತು. ಯಾರೋ ಬಸ್ಸಿನ ಹಾರ್ನ್ ಒತ್ತಿದರು.

"ಇಲ್ಲ!" ಎಂದಳು ಮಗಳು. "ಹದಿನೆಂಟನೇದು ಸೊಂಟ ಮೊದಲು ಎದ್ದಿತು. ಹತ್ತೊಂಬತ್ತೇ ಆಗಿರೋದು."

ಜನ ಅವಳನ್ನು ಬೈದರು. ಯಜಮಾನರೇ "ಹೋಗ್ಲಿ ಬಿಡೇ" ಎಂದರು. ನಾನು ಇನ್ನೂ ಕೈಯೂರಿಕೊಂಡೇ ಇದ್ದೆ. ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು; ಹದಿನೆಂಟರಲ್ಲಿ ನಾನು ಕಳ್ಳತನ ಮಾಡಿದ್ದೆ. ಇನ್ನೊಂದಕ್ಕೆ ಇಳಿದೆ. ಟವಲು ತಾಗಿತು. ಮೇಲೆ ಬರುವಾಗ ಅರ್ಧದಲ್ಲಿ ತೋಳು ನಿಂತುಹೋಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಆ ನೂರು ಜನರ ಕೂಗಿನ ನಡುವೆ ಅತ್ತೆಯ ತೆಳ್ಳನೆ ದನಿ ಮಾತ್ರ ಕೇಳಿಸಿತು: "ಏಳವ್ವ! ಏಳೇ ನನ್ನ ಸೊಸೆ!" ಎಲ್ಲಿಂದಲೋ ಕೊನೆಯದೊಂದು ಕಸುವು ಬಂತು. ಕೈ ನೆಟ್ಟಗಾದವು.

"ಇಪ್ಪತ್ತು" ಎಂದಳು ಮಗಳು, ಮತ್ತು ಅತ್ತುಬಿಟ್ಟಳು.

ಅವತ್ತು ಸಂಜೆ ಡ್ರೈವರಣ್ಣನನ್ನು ಯಜಮಾನರೇ ಬೈಕಿನಲ್ಲಿ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಭುಜದ ನರ ಉಳುಕಿತ್ತು, ದೊಡ್ಡದೇನೂ ಇರಲಿಲ್ಲ. ಎರಡು ತಿಂಗಳು ದಂಡ ಬೇಡ ಎಂದರಂತೆ. ಎರಡು ತಿಂಗಳಾದ ಮೇಲೆ ಅವರು ಮೊದಲಿನಿಂದ, ಗೋಡೆಯಿಂದ ಶುರು ಮಾಡಿದರು. ಈ ಸಲ ನಾನೇ ಪಕ್ಕದಲ್ಲಿ ನಿಂತು ಎಣಿಸಿದೆ.

ಡಿಪೋದಲ್ಲಿ ಈಗ ನಾವು ನಾಲ್ವರು ಹೆಂಗಸರು ದಿನಾ ಬೆಳಿಗ್ಗೆ ಜಮಖಾನ ಹಾಸುತ್ತೇವೆ. ಇಬ್ಬರು ಕಂಡಕ್ಟರುಗಳು, ಒಬ್ಬಳು ಆಫೀಸಿನವಳು, ನಾನು. ಆಫೀಸಿನವಳು ಹೋದ ವಾರ ಮೊದಲನೆಯದನ್ನು ಹೊಡೆದು ಎಷ್ಟು ಜೋರಾಗಿ ಕೂಗಿದಳೆಂದರೆ ಸೆಕ್ಯುರಿಟಿಯವನು ಗೇಟಿನಿಂದ ಓಡಿ ಬಂದ. ನನ್ನದು ಇವತ್ತಿಗೆ ಇಪ್ಪತ್ತಾರು. ಮೂವತ್ತಕ್ಕೆ ಕಣ್ಣಿಟ್ಟಿದ್ದೇನೆ.