ಟೀಚರಮ್ಮನ ಭಾನುವಾರಗಳು

ಭಾನುವಾರದ ಮೆಟ್ರೊಗೆ ಯಾವ ಅವಸರವೂ ಇಲ್ಲವೇನೋ ಅನ್ನಿಸುತ್ತದೆ. ಹಲಸೂರು ದಾಟಿ ಮರಗಳ ತಲೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು. ಪಕ್ಕದಲ್ಲಿ ಬಂದು ಕೂತ ಹೆಂಗಸಿನ ಸೀರೆಯಿಂದ ನುಸಿಗುಳಿಗೆಯ ವಾಸನೆ ಬಂತು. ಬೀರುವಿನಿಂದ ಆಗಷ್ಟೇ ಹೊರಬಂದ ಸೀರೆ. ನಾನು ಕಣ್ಣು ಮುಚ್ಚಿಕೊಂಡೆ. ನಿಮಗೂ ಹೀಗಾಗುತ್ತದೋ ಏನೋ, ನನಗಿಂತ ನನ್ನ ಮೂಗಿಗೇ ಜ್ಞಾಪಕಶಕ್ತಿ ಹೆಚ್ಚು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬುದೂ ನೆನಪಿರದ ನನ್ನೆದುರು, ಕಾಲೇಜಿನ ದಿನಗಳಲ್ಲಿ ನೋಡಿದ್ದ ಒಂದು ಸೀರೆ ಬಂದು ನಿಂತಿತು. ಹಾಲುಬಿಳಿ ಬಣ್ಣ, ತೆಳುನೀಲಿ ಅಂಚು.

ಅದು ರೋಸ್ಲಿನ್ ಟೀಚರಮ್ಮನದು. ಜೀವನ್ ಬಿಮಾ ನಗರದಲ್ಲಿ ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡಿದ್ದರು, ಶಾಲೆಯಿಂದ ನಿವೃತ್ತಿಯಾಗಿತ್ತು. ಭಾನುವಾರ ಆ ಸೀರೆಯುಟ್ಟು ಹಲಸೂರಿನ ಚರ್ಚಿಗೆ ಹೋಗುವುದರಲ್ಲಿ ವಿಶೇಷವೇನಿಲ್ಲ. ಅರ್ಧಕ್ಕೇ ಎದ್ದು ಬರುವುದು ವಿಶೇಷ. ಯಾರಿಗಾದರೂ ತನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ ಸಾಕು, ಪ್ರಾರ್ಥನೆಯ ನಡುವೆಯೇ ಎದ್ದು, ಆಟೊ ಹಿಡಿದು ಅವರ ಮನೆಗೇ ಹೋಗಿಬಿಡುತ್ತಿದ್ದರು. ಮೊದಲು ಮನುಷ್ಯರ ಜೊತೆ ರಾಜಿ, ಆಮೇಲೆ ದೇವರ ಮುಂದೆ ನಿಲ್ಲುವುದು. ಯೇಸು ಹೇಳಿದ್ದೇ ಹಾಗೆ ಎನ್ನುತ್ತಿದ್ದರು. ಆ ಮಾತನ್ನು ಚರ್ಚಿನಲ್ಲಿ ಎಲ್ಲರೂ ಕೇಳಿದವರೇ, ಆಟೊ ಹಿಡಿದವರು ಮಾತ್ರ ಇವರೊಬ್ಬರೇ. ಒಮ್ಮೆ ಶಿವಾಜಿನಗರದ ಮೀನಂಗಡಿಯವನ ಮುಂದೆ ಹೋಗಿ, “ನಿನ್ನೆ ನಿನ್ ಹತ್ರ ಸುಮ್‌ಸುಮ್ನೆ ಜಗಳ ಆಡ್ಬಿಟ್ಟೆ ತಂಬಿ, ಮನಸಲ್ಲಿ ಇಟ್ಕೋಬೇಡ” ಎಂದರಂತೆ. ಅವನು ಗಾಬರಿಯಿಂದ ಒಂದು ಬಂಗುಡೆ ಹೆಚ್ಚಿಗೆ ಹಾಕಿ ಕಳಿಸಿದನಂತೆ.

ಬೀದಿಯವರಿಗೆ ಇದೊಂದು ತಮಾಷೆ. ನನಗೂ ತಮಾಷೆಯೇ ಆಗಿತ್ತು, ಅವರು ನಮ್ಮ ಗೇಟಿಗೆ ಬಂದು ನಿಲ್ಲುವವರೆಗೆ.

ಅವರ ಹಿತ್ತಲಿನ ನುಗ್ಗೆಮರ ನಮ್ಮ ಕಾಂಪೌಂಡಿನತ್ತ ವಾಲಿತ್ತು. ಅಮ್ಮ ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಕಂಬಳಿಹುಳು. ಅಪ್ಪನ ಮೈಯೆಲ್ಲ ದದ್ದೆದ್ದು, ಆ ಸಿಟ್ಟಿಗೆ, ಟೀಚರಮ್ಮ ಊರಲ್ಲಿಲ್ಲದಾಗ ಆಳು ಕರೆಸಿ ಮರವನ್ನು ಬುಡದವರೆಗೆ ಕಡಿಸಿಬಿಟ್ಟರು. ಅದು ಅವರ ಗಂಡ ನೆಟ್ಟ ಮರ. ಊರಿಂದ ವಾಪಸ್ ಬಂದ ಟೀಚರಮ್ಮ ಬ್ಯಾಗು ಕೆಳಗಿಡದೆ ಬೀದಿಯಲ್ಲೇ ನಿಂತು, “ನೀವೆಲ್ಲ ಮನುಷ್ಯರಾ?” ಎಂದು ಕೂಗಾಡಿದರು. ಅಪ್ಪ ಬಾಗಿಲು ಹಾಕಿಕೊಂಡರು.

ಆ ಭಾನುವಾರವೇ ಬಂದರು, ಚರ್ಚಿನಿಂದ ಅರ್ಧಕ್ಕೆದ್ದು.

“ಅಣ್ಣಾ, ಆವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ತಪ್ಪಾಯ್ತು.”

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. “ಏನೂ ಇಲ್ಲ, ಹೋಗಿ.”

“ಏನೂ ಇಲ್ಲ ಅನ್ನೋರು ಮುಖ ನೋಡಿ ಹೇಳ್ಬೇಕಲ್ವಾ ಅಣ್ಣಾ?”

ಅಪ್ಪ ನೋಡಲಿಲ್ಲ. ಟೀಚರಮ್ಮ ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಅವರ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿಯ ಚೂರು, ಒಂದು ಗುಟುಕು ದ್ರಾಕ್ಷಾರಸ. ಅದನ್ನು ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದೆ ಹೋದಾಗ ಟೀಚರಮ್ಮ ಮಾತ್ರ ಬೆಂಚಿನಲ್ಲೇ ಕೂತರಂತೆ. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ ಹಾಗೆಯೇ. “ನೀವು ಮಾಡ್ಬೇಕಾದ್ದು ಮಾಡಿದೀರಿ, ಸಾಕಮ್ಮ” ಎಂದು ಪಾದ್ರಿಗಳೇ ಬಂದು ಹೇಳಿದರೂ ಒಪ್ಪಲಿಲ್ಲ. “ಅವರ ಮನಸಲ್ಲಿ ಇನ್ನೂ ಇದೆ ಅಯ್ಯಾ. ನನ್ ಗಂಟಲಲ್ಲಿ ಇಳಿಯಲ್ಲ,” ಎಂದರಂತೆ. ಸುದ್ದಿ ಅಮ್ಮನಿಗೆ ತಲುಪಿತು.

“ನಿಮ್ಮಿಂದ ಆ ಹೆಂಗಸು ಉಪವಾಸ,” ಎಂದರು ಅಮ್ಮ.

“ನಾನೇನು ತಿನ್ಬೇಡ ಅಂದ್ನಾ? ತಿನ್ಲಿ!”

ಕ್ರಿಸ್‌ಮಸ್‌ಗೆ ಎಂದಿನಂತೆ ಅವರ ಮನೆಯಿಂದ ಕಲಕಲ ಎಂಬ ಕರಿದ ಸಿಹಿತಿಂಡಿ, ರೋಸ್ ಕುಕ್ಕೀಸ್ ತುಂಬಿದ ತಟ್ಟೆ ಬಂತು. ಹಬ್ಬದ ದಿನವೂ ಅವರು ಭೋಜನಕ್ಕೆ ಏಳಲಿಲ್ಲವೆಂದು ಅಮ್ಮ ಹೇಳಿದಾಗ, ಅಪ್ಪ ಬಾಯಿಯ ಹತ್ತಿರ ತಂದಿದ್ದ ಕುಕ್ಕೀಸನ್ನು ತಟ್ಟೆಗೆ ವಾಪಸ್ ಇಟ್ಟರು.

ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅಪ್ಪ, ಮದುವೆ ಮನೆಗೆ ಹಾಕುವ ಬಿಳಿ ಶರಟು ತೊಟ್ಟು, “ನಡಿ, ಚರ್ಚಿಗೆ ಹೋಗ್ಬೇಕು” ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡರು. ಒಬ್ಬರೇ ಹೋಗಲು ಹೆದರಿಕೆಯಿತ್ತೇನೋ. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಅಲ್ಲಿ ಬೇರೆ ಒಂದು ಜೊತೆಯೂ ಇರಲಿಲ್ಲ. ಒಳಗೆ ಬಣ್ಣದ ಗಾಜಿನಿಂದ ಇಳಿದ ಬೆಳಕು ನೆಲದ ಮೇಲೆ ನೀರಿನಂತೆ ಹರಡಿತ್ತು. ಯಾರೋ ಹಾಡುತ್ತಿದ್ದರು. ಜನ ಒಂದೊಂದೇ ಸಾಲಾಗಿ ಎದ್ದು ಮುಂದೆ ಹೋಗುತ್ತಿದ್ದರು. ಆ ಬೆಳಕಿನ ಮೇಲೆ ಬರಿಗಾಲಲ್ಲಿ ನಡೆದು ಅಪ್ಪ ಟೀಚರಮ್ಮನ ಬೆಂಚಿನ ಪಕ್ಕ ನಿಂತರು. ಕಾರ್ಖಾನೆಯ ಸದ್ದಿನಲ್ಲಿ ಬಾಳಿದ ಮನುಷ್ಯ, ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

“ಟೀಚರಮ್ಮಾ, ನಿಮ್ಮನ್ನ ಕೇಳ್ದೇನೇ ಮರ ಕಡಿಸಿದ್ದು ನಾನು. ತಪ್ಪು ನಂದು. ಮುಖ ನೋಡೇ ಹೇಳ್ತಿದೀನಿ. ನನ್ ಮನಸಲ್ಲಿ ಏನೂ ಇಲ್ಲ. ಎದ್ದು ಹೋಗಿ, ಊಟ ಮಾಡಿ.”

ಹಾಡು ನಿಂತಿತು. ಟೀಚರಮ್ಮ ಅಪ್ಪನ ಎರಡೂ ಕೈ ಹಿಡಿದುಕೊಂಡು, “ಬಂದ್ರಲ್ಲಾ ಅಣ್ಣಾ, ಬಂದ್ರಲ್ಲಾ” ಎಂದಷ್ಟೇ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಹೋಗಿ ಮೊಣಕಾಲೂರಿದರು. ಅಪ್ಪ ಕತ್ತು ಚಾಚಿ ನೋಡಿದರು.

“ಅಷ್ಟೇನಾ?” ಎಂದು ನನ್ನನ್ನು ಕೇಳಿದರು. “ಅಷ್ಟು ಚಿಕ್ಕ ಚೂರಾ?”

ಆಮೇಲೆ ಟೀಚರಮ್ಮನ ಹುಚ್ಚು ಅಪ್ಪನಿಗೂ ಹಿಡಿಯಿತೆಂದು ಅಮ್ಮ ಹೇಳುತ್ತಿದ್ದರು. ದೇವಸ್ಥಾನವೇನೂ ಬದಲಾಗಲಿಲ್ಲ, ವಿಭೂತಿಯೂ ಹಣೆಯಲ್ಲೇ ಇತ್ತು. ಆದರೆ ಯಾವುದೋ ಭಾನುವಾರ ಇದ್ದಕ್ಕಿದ್ದಂತೆ ಎದ್ದು ಕೆ.ಆರ್. ಪುರಕ್ಕೆ ಹೊರಡುವರು. ಅಲ್ಲಿ ಅವರ ತಮ್ಮನ ಮನೆ. ಊರಿನ ಹೊಲ ಭಾಗವಾದ ದಿನದಿಂದ ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಚಿಕ್ಕಪ್ಪ ಗೇಟು ತೆರೆಯುತ್ತಿರಲಿಲ್ಲ. ಅಪ್ಪ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದು, “ತೆಗೀಲಿಲ್ಲ ಕಣೇ” ಎಂದು ಅಮ್ಮನಿಗೆ ಹೇಳಿ, ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು. ಆ ಗೇಟು ತೆರೆಯುವ ಮೊದಲೇ ಅಪ್ಪ ಹೋದರು. ಟೀಚರಮ್ಮನೂ ಈಗಿಲ್ಲ.

ಕಣ್ಣು ಬಿಟ್ಟಾಗ ಪಕ್ಕದ ಸೀಟು ಖಾಲಿಯಾಗಿತ್ತು. ನಾನು ಇಳಿಯಬೇಕಾದದ್ದು ಬೇರೆಲ್ಲೋ, ಆ ನಿಲ್ದಾಣ ಹಿಂದೆಯೇ ಉಳಿದಿತ್ತು. ಕೆ.ಆರ್. ಪುರದಲ್ಲಿ ಇಳಿದು, ದಾರಿ ಕೇಳಿಕೊಂಡು ಹೋದೆ.

ಬನಿಯನ್ ತೊಟ್ಟ ಮುದುಕರೊಬ್ಬರು ಗಿಡಗಳಿಗೆ ನೀರು ಹಾಕುತ್ತಿದ್ದರು. “ಯಾರ್ ಬೇಕಮ್ಮ?”

“ಚಿಕ್ಕಪ್ಪಾ, ನಾನು. ನಿಮ್ಮಣ್ಣನ ಮಗಳು.”

ಪೈಪು ಕೈಯಲ್ಲೇ ಇತ್ತು, ನೀರು ಅವರ ಕಾಲ ಮೇಲೆ ಹರಿಯುತ್ತಿತ್ತು. ಅವರು ಬಂದು ಚಿಲಕ ತೆಗೆದರು. ನನ್ನನ್ನು ದಾಟಿ, ರಸ್ತೆಯಾಚೆಯ ಬೇವಿನಮರದ ಕಡೆಗೆ ನೋಡಿದರು.

“ಅಲ್ಲೇ ನಿಂತ್ಕೊತಿದ್ದ,” ಎಂದರು. “ಅವನು ಹೋಗೋವರ್ಗೂ ನಾನೂ ಕಿಟಕೀಲೇ ನಿಂತಿರ್ತಿದ್ದೆ.”