ಹನ್ನೆರಡು ಸೆಕೆಂಡಿನ ಹಾಲಿನಂಗಡಿ

ಟಿವಿ ಚಾನೆಲ್ಲಿನ ಹಳೆಯ ದೃಶ್ಯಗಳನ್ನೆಲ್ಲ ಕಾಯುವವನು ಅವನು. ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಸವೆಸಿದವನನ್ನು ಕಚೇರಿಯವರು ‘ಕಪಾಟು’ ಎಂದೇ ಕರೆಯುತ್ತಿದ್ದರು. ಸುದ್ದಿಮನೆಯವರು ಕೇಳಿದ ದೃಶ್ಯ ಹುಡುಕಿ, ಮೂಲೆಯಲ್ಲಿ ‘ಹಳೆಯ ಚಿತ್ರ’ ಎಂಬ ಪಟ್ಟಿ ಹಾಕಿ ಕೊಡುವುದು, ಅವನ ಕೆಲಸ ಅಷ್ಟೇ. ಬೀದಿಯಲ್ಲಿ ಮಾತ್ರ ಅವನ ಗತ್ತೇ ಬೇರೆ. “ನಮ್ಮ ಚಾನೆಲ್‌ನಲ್ಲಿ ಬಂತು ಅಂದ್ರೆ ಮುಗೀತು, ಕಣ್ಮುಚ್ಕೊಂಡು ನಂಬಿ” ಎನ್ನುತ್ತಿದ್ದ. ಬೀದಿ ನಂಬಿತ್ತು.

ಆ ಸಂಜೆ ಕಲಬೆರಕೆ ಹಾಲಿನ ಸುದ್ದಿ. ಹತ್ತು ನಿಮಿಷದಲ್ಲಿ ಮೂರು ಸಲ ಫೋನು. “ಯಾವ್ದೋ ಒಂದು ಹಾಲಿನಂಗಡಿ ಕೊಡಯ್ಯ ಕಪಾಟು, ಹೆಣ್ಣು ನೋಡೋಕೆ ಬಂದೋರ ಹಾಗೆ ಆರಿಸ್ತಾ ಕೂತಿದೀಯಲ್ಲ!” ಕೈಗೆ ಸಿಕ್ಕಿದ್ದನ್ನು ತೆರೆದೂ ನೋಡದೆ ಕಳಿಸಿದ. ಪಟ್ಟಿ ಹಾಕುವುದು ಮರೆತೇಹೋಯಿತು.

ಸುದ್ದಿಯಲ್ಲಿ ಆ ದೃಶ್ಯ ಹನ್ನೆರಡು ಸೆಕೆಂಡು ಓಡಿತು. ಹಾಲು ಅಳೆದು ಸುರಿಯುವ ಕೈ, ಅದರ ಹಿಂದೊಂದು ನಗುಮುಖ. ಅವನ ಅಕ್ಕ. ಏಳು ವರ್ಷದ ಹಿಂದೆ, ಒಳ್ಳೆಯ ಅಂಗಡಿಗಳ ಕಾರ್ಯಕ್ರಮಕ್ಕೆಂದು ಅವನೇ ಹಟ ಹಿಡಿದು ತೆಗೆಸಿದ್ದ ಚಿತ್ರ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಒಬ್ಬರೂ ಇಲ್ಲ. ಗಂಡ ಹೋದಮೇಲೆ ಅಕ್ಕನಿಗೆ ಉಳಿದಿದ್ದದ್ದು ಆ ಅಂಗಡಿಯೊಂದೇ. ಅವನು ಮನೆಮನೆಯ ಬಾಗಿಲು ತಟ್ಟಿದ.

“ಅದು ಹಳೇ ಚಿತ್ರ ಕಣಮ್ಮ, ಕೊಟ್ಟೋನು ನಾನೇ” ಎಂದ ಎದುರು ಮನೆಯ ದರ್ಜಿಯ ಹೆಂಡತಿಗೆ.

“ಅಕ್ಕನ ಪರ ತಮ್ಮ ಮಾತಾಡ್ದೆ ಇನ್ಯಾರು ಮಾತಾಡ್ತಾರೆ? ಕಣ್ಮುಚ್ಕೊಂಡು ನಂಬಿ ಅಂದೋರು ನೀವೇ ಅಲ್ವಾ?”

ಸಂಪಾದಕರ ಕಾಲಿಗೆ ಬೀಳುವುದೊಂದು ಬಾಕಿ. “ಅಂಗಡಿ ಹೆಸರು ನಾವೆಲ್ಲಿ ಹೇಳಿದ್ವಿ?” ಎಂದರು ಅವರು. “ತಪ್ಪಾಯ್ತು ಅಂತ ಒಂದ್ಸಲ ಒಪ್ಕೊಂಡ್ರೆ ನಾಳೆಯಿಂದ ನಮ್ಮ ಹವಾಮಾನಾನೂ ಯಾರೂ ನಂಬಲ್ಲ.”

ನಾಲ್ಕು ದಿನ ಅವರ ಬಾಗಿಲಲ್ಲೇ ನಿಂತ. ಐದನೆಯ ದಿನ, ತಪ್ಪೆಲ್ಲ ನನ್ನೊಬ್ಬನದೇ, ಕೆಲಸದಿಂದ ತೆಗೆದರೂ ತಕರಾರಿಲ್ಲ ಎಂದು ಬರೆದು ಸಹಿ ಹಾಕಿಕೊಟ್ಟ. ಆಮೇಲೆ ಅವರು ಒಬ್ಬ ಕ್ಯಾಮೆರಾದವನನ್ನು ಜೊತೆಗೆ ಕಳಿಸಿದರು. ಅಕ್ಕ ಎರಡು ಮಾತಾಡಿದರೆ ಸಂಜೆಯ ಸುದ್ದಿಯಲ್ಲಿ ಹಾಕುವುದಾಗಿ ಹೇಳಿದರು.

ಅಕ್ಕ ಖಾಲಿ ಅಂಗಡಿಯಲ್ಲಿ, ತುಂಬಿದ ಕ್ಯಾನಿನ ಪಕ್ಕ ಕೂತಿದ್ದಳು.

“ಮತ್ತೆ ಆ ಪೆಟ್ಟಿಗೆ ತಂದ್ಯಾ?”

“ಒಂದೇ ಒಂದ್ಸಲ ಮಾತಾಡಕ್ಕ. ಎಲ್ಲ ಸರಿಹೋಗತ್ತೆ. ತಪ್ಪು ನಂದು. ನೋಡ್ದೆ ಕೊಟ್ಬಿಟ್ಟೆ.”

ಅವಳು ಎದ್ದು ಬಾಗಿಲಿಗೆ ಬಂದಳು. “ನನ್ನ ಮುಖಾನೂ ನೋಡ್ದೆ ಕೊಟ್ಟೆಯೇನೋ?” ಅವಳ ಕೈ ಶಟರಿನ ಹಿಡಿಗೆ ಹೋಯಿತು. “ಅವತ್ತು ನಗು ಅಂದೆ, ನಕ್ಕೆ. ಇವತ್ತೇನ್ ಮಾಡ್ಲಿ, ಅಳ್ಲಾ?”

ಶಟರ್ ದಡದಡನೆ ಕೆಳಗಿಳಿಯಿತು.

“ಅಕ್ಕಾ! ಬಾಗಿಲು ತೆಗಿಯೇ!” ತಗಡಿಗೆ ಹಣೆ ಒತ್ತಿ ಕೂಗಿದ. ಒಳಗೆ ಕ್ಯಾನು ಉರುಳಿದ ಸದ್ದು. ಸ್ವಲ್ಪ ಹೊತ್ತಿಗೆ ಶಟರಿನ ಅಡಿಯಿಂದ ಹಾಲು ಮೆಲ್ಲಗೆ ಹೊರಬಂದು, ಅವನ ಚಪ್ಪಲಿ ತೋಯಿಸಿ, ಮೆಟ್ಟಿಲಿಳಿದು ಚರಂಡಿಯ ಕಡೆ ತಿರುಗಿತು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು.

“ಒಳ್ಳೇ ಶಾಟು ಸಾರ್!” ಕ್ಯಾಮೆರಾದವನು ಮೊಣಕಾಲೂರಿದ.

ತಮ್ಮ ಓಡಿಬಂದು ಎರಡೂ ಅಂಗೈಗಳಿಂದ ಲೆನ್ಸನ್ನು ಮುಚ್ಚಿ ಹಿಡಿದ. “ಬೇಡಪ್ಪ, ಇದೊಂದು ಬೇಡ. ಕಲಬೆರಕೆ ಹಾಲು ಚೆಲ್ಲಿದ್ಲು ಅಂತ ಜನ ನಂಬಿಬಿಡ್ತಾರೆ.”