ಬಾಗೇವಾಡಿಯಲ್ಲಿ ಕೊಂಡ ಬೂಟು

ಪೂಜಾ, ಬಸು, ನಿಮ್ಮ ತಮ್ಮನಿಗೆ ಸಾಮಾನು ತರಲು ಹೋದ ವಾರ ನಿಮ್ಮಪ್ಪನ ಜೊತೆ ಮುದ್ದೇಬಿಹಾಳಕ್ಕೆ ಹೋಗಿದ್ದೆನಲ್ಲ, ಅಂದು ನಾನು ಅಂಗಡಿಯಲ್ಲೇ ಕುಸಿದು ಕುಳಿತೆ. ಬಿಸಿಲು ಬಡಿದಿದೆ ಎಂದುಕೊಂಡು ನಿಮ್ಮಪ್ಪ ಸೋಡಾ ತಂದುಕೊಟ್ಟ. ಬಿಸಿಲಲ್ಲ. ಡೈಪರ್, ಪೌಡರ್, ಸೊಳ್ಳೆ ಪರದೆಯ ಪುಟ್ಟ ಹಾಸಿಗೆ ಎಲ್ಲ ಆರಿಸಿಯಾದ ಮೇಲೆ ಅಂಗಡಿಯವನು ಬಜೆ ಬೇರಿನ ಮಣಿ ಪೋಣಿಸಿದ ಕೈದಾರವೊಂದನ್ನು ನನ್ನ ಅಂಗೈಯಲ್ಲಿಟ್ಟ. ಮೂಗಿನ ಹತ್ತಿರ ಹಿಡಿದೆ. ಆ ಖಾರ ವಾಸನೆ… ಕೂಸಿಗೆ ದಿನಾ ಬಜೆ ತೇಯ್ದು ತೇಯ್ದು ಕೈಯೆಲ್ಲ ಅದೇ ವಾಸನೆಯಾಗಿದ್ದವಳು ಒಬ್ಬಳಿದ್ದಳು. ನನ್ನ ನಾದಿನಿ. ನಿಮ್ಮ ಅಜ್ಜನ ತಂಗಿ, ನಿಮ್ಮಪ್ಪನ ಸೋದರತ್ತೆ.

ನಾನು ಇಂಡಿ ಕಡೆಯ ಹಳ್ಳಿಯ ಸಾಲಿಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ. ನಿಮ್ಮ ಅಜ್ಜ ಹೋದ ಮೇಲಂತೂ ಮಾತು ಇನ್ನೂ ಕಡಿಮೆಯಾಯಿತು. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು ದೊಡ್ಡವರಾದ ಮೇಲೆ ಓದಿರಿ.

ನನಗೆ ತಾಯಿ ಇರಲಿಲ್ಲ. ಹಾಗಾಗಿ ನಿಮ್ಮಪ್ಪ ಹುಟ್ಟಿದಾಗ ಬಾಣಂತನ ತವರಿನಲ್ಲಾಗದೆ ಗೊಳಸಂಗಿಯ ಈ ಮನೆಯಲ್ಲೇ ಆಯಿತು. ಅತ್ತೆ ಮಾಡಿದರು. ಹೆಸರಿಡುವ ಹಿಂದಿನ ದಿನ ನಾದಿನಿ ಸಿಂದಗಿ ಕಡೆಯ ತನ್ನ ಗಂಡನ ಊರಿನಿಂದ ಬಸ್ಸಿನಲ್ಲಿ ಒಬ್ಬಳೇ ಬಂದಳು. ಚೀಲ ಬಿಚ್ಚಿ ನನ್ನ ಹಾಸಿಗೆಯ ಮೇಲೆಲ್ಲ ಹರವಿದಳು. ಇಳಕಲ್ ಖಣದಲ್ಲಿ ತಾನೇ ಹೊಲಿದ ಕುಂಚಿಗೆ, ಎರಡು ಟೊಪ್ಪಿಗೆ, ಗಿಲಕಿ, ಕಾಲಿಗೆ ಗೆಜ್ಜೆ. ಒಂದೊಂದನ್ನೂ ಕೂಸಿನ ಮೈಗೆ ಹಿಡಿದು ನೋಡುವಳು, ಮಡಿಚುವಳು, ಮತ್ತೆ ಬಿಚ್ಚುವಳು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಆ ರಾತ್ರಿ ಬೋರಲು ಮಲಗಿದಳು. ಕೇಳಿದರೆ, ಸೆಕೆ ಎಂದಳು.

ನಮ್ಮಲ್ಲಿ ಹೆಸರಿಡುವ ರೀತಿ ನಿಮಗೆ ಗೊತ್ತಿದೆ. ಸೋದರತ್ತೆ ತೊಟ್ಟಿಲೊಳಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಮುಷ್ಟಿ ಕಟ್ಟಿ ಗುದ್ದುತ್ತಾರೆ. ಚೇಷ್ಟೆಯ ಗುದ್ದು. ಆದರೆ ಸಣ್ಣ ಗುದ್ದೇನಲ್ಲ. ಎದುರು ಮನೆಯ ಬೂಬಮ್ಮ ನಮ್ಮ ಓಣಿಯ ಎಲ್ಲ ತೊಟ್ಟಿಲಿಗೂ ಬರುವವಳು, ಕೈ ಭಾರದವಳು.

“ಜೋರ ಹಾಕ್ರಿ, ಆಯೇರಿ ಭಾಳ ತಂದಾಳ ಅಂತ ಬಿಟ್ಟಗಿಟ್ಟೀರಿ” ಎಂದು ನಗುತ್ತ ಅವಳೇ ಮೊದಲು ಗುದ್ದಿದಳು. ಹಿಂದೆಯೇ ಉಳಿದವರು. ಧಬಧಬ ಸದ್ದು, ನಗು. ನಾದಿನಿ ತೊಟ್ಟಿಲ ಹಗ್ಗ ಹಿಡಿದುಕೊಂಡಿದ್ದಳು. ಹೆಸರನ್ನು ಪೂರ್ತಿ ಹೇಳಿದಳು. ಬೂಬಮ್ಮ ಮತ್ತೊಮ್ಮೆ ಎತ್ತಿದ ಕೈಯನ್ನು ಅಲ್ಲಿಯೇ ನಿಲ್ಲಿಸಿ, ಮುಷ್ಟಿ ತಿರುಗಿಸಿ ನೋಡಿಕೊಂಡಳು. ರಕ್ತ ಹತ್ತಿತ್ತು.

ಒಳಗೆ ಕರೆದೊಯ್ದು ಕುಪ್ಪಸ ಬಿಚ್ಚಿದರೆ ಅದು ಬೆನ್ನಾಗಿರಲಿಲ್ಲ. ಎತ್ತಿಗೆ ಹೊಡೆಯುವ ಬಾರುಕೋಲಿನ ಬರೆಗಳು, ಒಂದರ ಮೇಲೊಂದು. ಹಳೆಯವು ಕರ್ರಗೆ ಒಣಗಿದ್ದವು, ಹೊಸವು ಗುದ್ದಿಗೆ ಒಡೆದು ಸುರಿಯುತ್ತಿದ್ದವು. ಅತ್ತೆ ಅರಿಶಿನ ಕಲಸುತ್ತ ಕೇಳಿದರು:

“ಯಾಕ ಹೇಳಲಿಲ್ಲಬೇ?”

“ಹೇಳಿದ್ರ ನನ್ನ ಬಗ್ಗಾಕ ಬಿಡತಿದ್ದಿ ಏನು? ಮತ್ತೊಬ್ಬಾಕಿ ಕಡೆ ಹೆಸರ ಇಡಸತಿದ್ದಿ.”

ಬೂಬಮ್ಮ ಬಾಗಿಲ ಹತ್ತಿರ ನಿಂತು ಅಳುತ್ತಿದ್ದಳು. ನಾದಿನಿಯೇ ಅವಳನ್ನು ಸಮಾಧಾನ ಮಾಡಿದಳು. “ನಿನಗೇನ ಕನಸ ಬಿದ್ದಿತ್ತು, ಬಿಡ” ಎಂದಳು.

ಅತ್ತೆ ಅವಳನ್ನು ವಾಪಸು ಕಳಿಸಲಿಲ್ಲ. ಅವಳು ನಮ್ಮಲ್ಲಿ ಉಳಿದದ್ದು ಒಂದು ವರ್ಷವಿರಬಹುದು. ನಿಮ್ಮಪ್ಪ ಮೊದಲ ಸಲ ನಕ್ಕದ್ದು ಅವಳ ಮುಖ ನೋಡಿ. ಬೋರಲು ಬಿದ್ದ ದಿನ ಓಣಿಗೆಲ್ಲ ಕೂಗಿ ಹೇಳಿ ಬಂದಳು. ಹಲ್ಲು ಬಂದಾಗ ತನ್ನ ಬೆರಳನ್ನೇ ಕಚ್ಚಲು ಕೊಟ್ಟು, ಗಾಯ ತೋರಿಸಿ ಮೆರೆದಳು. “ಹಡದಾಕಿ ಸುಮ್ಮ ಕುಂತಾಳ, ನೀ ಕುಣಿಯೂದ ನೋಡಿದ್ರ ಬ್ಯಾನಿ ತಿಂದಾಕಿ ನೀನ ಅನಸತೈತಿ” ಎಂದು ನಿಮ್ಮ ಅಜ್ಜ ತಂಗಿಯನ್ನು ಕಾಡುತ್ತಿದ್ದರು. ನನಗೂ ಅವಳ ಕುಣಿತ ನೋಡುವುದೇ ಹಿತವಾಗಿತ್ತು. ನಾನು ಮನಸ್ಸಿನೊಳಗೆ ಹಿಗ್ಗುವವಳು. ಅವಳು ನನ್ನ ಪಾಲಿನದನ್ನೂ ಸೇರಿಸಿ ಕುಣಿಯುತ್ತಿದ್ದಳು.

ಜೋಳದ ರಾಶಿಯ ಸಮಯ. ಗಂಡಸರೆಲ್ಲ ಹೊಲದಲ್ಲಿದ್ದಾಗ ಅವಳ ಗಂಡ ಬಂದ. ಮಾತಿಲ್ಲ ಕತೆಯಿಲ್ಲ, ಅಂಗಳದಲ್ಲಿ ಕುಳಿತಿದ್ದವಳ ತುರುಬಿಗೇ ಕೈ ಹಾಕಿದ. ಅವಳು ಕೂಸನ್ನು ನನ್ನತ್ತ ಚಾಚುವಷ್ಟರಲ್ಲಿ ಹೊಟ್ಟೆಗೆ ಒದ್ದ. ಕೂದಲು ಹಿಡಿದು ಬಾಗಿಲವರೆಗೆ ಎಳೆದ. “ಬಂಜಿ, ಮಂದಿ ಕೂಸ ಆಡಿಸಿಗೋತ ಕುಂದರತಿ ಏನ? ಮನ್ಯಾಗ ರೊಟ್ಟಿ ಬಡಿಯಾಕಿ ನಿಮ್ಮವ್ವ ಬರತಾಳೇನ?” ಬಿಡಿಸಲು ಹೋದ ಅತ್ತೆಯನ್ನು ತಳ್ಳಿದ. ಅವರ ಹಣೆ ಗೋಡೆಗೆ ಬಡಿದು ಒಡೆಯಿತು.

ಬೂಬಮ್ಮ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳ ಕೂಗಿಗೆ ಓಣಿಯ ಹೆಂಗಸರೆಲ್ಲ ಬಂದರು. ಅಂದು ತೊಟ್ಟಿಲ ಸುತ್ತ ನಿಂತವರೇ. ಹಿಂದಿನಿಂದ ಹಿಡಿದು ಅವನನ್ನು ಬೋರಲು ಕೆಡವಿದರು. “ಅಕಿ ಬೆನ್ನಿಗೆ ನಮ್ಮ ಕೈಲೆ ಹೊಡಸಿದೆಲ್ಲೋ” ಎಂದು ಬೂಬಮ್ಮ ಗುದ್ದಿದ ಗುದ್ದಿಗೆ ಅವನ ಉಸಿರು ಹೊರಟದ್ದು ನನಗೆ ಕೇಳಿಸಿತು. ಆಮೇಲೆ ಮುಷ್ಟಿ, ಉರುವಲು ಕಟ್ಟಿಗೆ, ಕೊಡ, ಕೈಗೆ ಸಿಕ್ಕದ್ದು. ಬಾಯೊಡೆದು ಹಲ್ಲು ಮಣ್ಣಿಗೆ ಬಿತ್ತು. ಕಂಕುಳಲ್ಲಿ ನಿಮ್ಮಪ್ಪನನ್ನು ಇಟ್ಟುಕೊಂಡೇ ನಾನೂ ಹೋಗಿ ಒದ್ದೆ. ಒಮ್ಮೆಯಲ್ಲ. ಅದು ತಪ್ಪೆಂದು ನನಗೆ ಇವತ್ತಿನವರೆಗೆ ಅನಿಸಿಲ್ಲ.

ಅವನು ತೆವಳಿಕೊಂಡು ಹೊರಗೆ ಹೋದ. ಓಣಿಯ ತುದಿಯಲ್ಲಿ ಎದ್ದು ನಿಂತು ತಿರುಗಿದ. “ಹೆಂಗಸರ ಕೈಲೆ ಹೊಡಸೀದಿ. ಇರಲಿ” ಎಂದ. ಅಷ್ಟೇ.

ಪೊಲೀಸರಿಗೆ ಹೇಳೋಣ ಎಂದರು ನಿಮ್ಮ ಅಜ್ಜ. ಹಲ್ಲು ಮುರಿದದ್ದು ಅವನದು, ಕೇಸು ನಮ್ಮ ಹೆಂಗಸರ ಮೇಲೆಯೇ ಬೀಳುತ್ತದೆ ಎಂದರು ಹಿರಿಯರು. ತಿಂಗಳು ಕಳೆಯಿತು, ಮತ್ತೊಂದು ಕಳೆಯಿತು. ಅವನ ಸುದ್ದಿ ಇರಲಿಲ್ಲ. ಹೆದರಿಕೆ ಸ್ವಲ್ಪ ಸ್ವಲ್ಪವೇ ಬಿಟ್ಟಿತು…

ನಿಮ್ಮಪ್ಪ ಹೆಜ್ಜೆ ಇಡತೊಡಗಿದ. ನಡೆದರೆ ಪೀಪಿಯಂತೆ ಸದ್ದು ಮಾಡುವ ಬೂಟು ಆಗ ಹೊಸದಾಗಿ ಬಂದಿತ್ತು. ಅದನ್ನು ತಾನೇ ಕೊಡಿಸಬೇಕೆಂದು ಅವಳ ಹಟ. ಅವಳು, ನಾನು, ಕೂಸು ಮೂವರೂ ಬಾಗೇವಾಡಿಗೆ ಹೋದೆವು. ಅವಳು ಅಂಗಡಿಯ ಬೂಟೆಲ್ಲ ತೆಗೆಸಿದಳು. ಒಂದರ ಬಣ್ಣ ಸರಿಯಿಲ್ಲ, ಒಂದರ ಸದ್ದು ಸಣ್ಣದು.

“ಕೂಸಿಗೆ ಬೂಟ ಬೇಕಾಗೇತೋ, ಊರಿಗೆ ಬ್ಯಾಂಡ ಬೇಕಾಗೇತೋ?” ಎಂದು ಅಂಗಡಿಯ ಮುದುಕ ಕೇಳಿದ.

“ಎರಡೂ ಒಂದರಾಗ ಬಂದ್ರ ನಿಮಗೇನ ತ್ರಾಸರಿ ಕಾಕಾ?” ಎಂದಳು.

ಕೊನೆಗೆ ಕೆಂಪು ಬೂಟು ಒಪ್ಪಿದಳು. ನಿಮ್ಮಪ್ಪ ಅಂಗಡಿಯೊಳಗೆ ಎರಡು ಹೆಜ್ಜೆ ಇಟ್ಟ, ಸದ್ದಿಗೆ ಬೆಚ್ಚಿ ನಿಂತ, ಮತ್ತೆ ಇಟ್ಟ. ನಾವೆಲ್ಲ ನಗುತ್ತಿದ್ದೆವು. ಅವಳ ನಗು ನಡುವೆಯೇ ನಿಂತಿತು. ಅವಳು ರಸ್ತೆಯತ್ತ ನೋಡುತ್ತಿದ್ದಳು. ನಾನೂ ನೋಡಿದೆ. ಅವಳ ಗಂಡ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದ. ಕೈಯಲ್ಲಿ ಕುಡುಗೋಲಿತ್ತು.

“ವೈನಿ, ಕೂಸಿನ ಹಿಡಿ” ಎಂದಳು. ನಾನು ಬಗ್ಗುವುದರೊಳಗೆ ಅವಳು ಮೆಟ್ಟಿಲಿಳಿದು, ಎರಡೂ ಕೈ ಎತ್ತಿ ಅಂಗಡಿಯ ಶಟರನ್ನು ಹೊರಗಿನಿಂದ ಕೆಳಗೆ ಎಳೆದುಬಿಟ್ಟಳು.

ಒಳಗೆ ಕತ್ತಲೆ. ಹೊರಗೆ ಅವನ ಬೈಗುಳ. ಆಮೇಲೆ ಶಟರಿಗೆ ಮೈ ಬಡಿದ ಸದ್ದು. ಮತ್ತೆ ಬಡಿಯಿತು. ಕಬ್ಬು ಕಡಿಯುವಾಗ ಕೇಳುತ್ತದಲ್ಲ, ಅಂಥದೊಂದು ಸದ್ದು… ಅವಳು ಒಮ್ಮೆ ಮಾತ್ರ ಕೂಗಿದಳು, “ತೆಗೀಬ್ಯಾಡ ವೈನಿ” ಎಂದು. ನಾನು ಶಟರ್ ಎತ್ತಲು ಕೆಳಗೆ ಬೆರಳು ತೂರಿಸಿದೆ, ಉಗುರು ಕಿತ್ತವು. ಅಂಗಡಿಯ ಮುದುಕ ನನ್ನನ್ನು ಹಿಂದಕ್ಕೆ ಎಳೆದು ಹಿಡಿದ. “ಬ್ಯಾಡ ತಂಗಿ, ಒಳಗ ಕೂಸೈತಿ” ಎಂದ. ಆ ಕತ್ತಲಲ್ಲಿ ನಿಮ್ಮಪ್ಪ ನಡೆಯುತ್ತಿದ್ದ. ಬೂಟಿನ ಸದ್ದು ಅತ್ತಿತ್ತ ತಿರುಗಾಡುತ್ತಿತ್ತು.

ಶಟರ್ ಎತ್ತಿದಾಗ ಅವಳು ಮೆಟ್ಟಿಲ ಮೇಲೆ ಬಿದ್ದಿದ್ದಳು. ಕುತ್ತಿಗೆ, ತೋಳು… ಅದನ್ನು ಬರೆಯಲಾರೆ. ಜನ ದುಂಡಗೆ ನಿಂತಿದ್ದರು. ಸಂತೆಯಷ್ಟು ಜನ. ಅವನನ್ನು ಹಿಡಿದರು, ಎಲ್ಲ ಮುಗಿದ ಮೇಲೆ.

ಹತ್ತಿರವಿದ್ದರೂ ಅಂದಿನಿಂದ ನಾನು ಬಾಗೇವಾಡಿ ಪೇಟೆಗೆ ಕಾಲಿಟ್ಟಿಲ್ಲ. ನಿಮ್ಮ ಸಾಮಾನೆಲ್ಲ ಮುದ್ದೇಬಿಹಾಳದಿಂದಲೇ ಬಂದದ್ದು ಅದಕ್ಕೆ.

ಅವನು ಜೈಲಿಗೆ ಹೋದ, ವರ್ಷಗಳ ನಂತರ ಹೊರಗೆ ಬಂದ. ಹೋದ ಬೇಸಿಗೆಯಲ್ಲಿ ಸಿಂದಗಿಯ ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಎದುರು ಪಂಕ್ತಿಯ ಮುದುಕನೊಬ್ಬ ನನ್ನನ್ನೇ ನೋಡಿ, “ಆರಾಮ ಅದೀರೇನ್ರಿ?” ಎಂದ. ಮುಂದಿನ ಹಲ್ಲು ಇರಲಿಲ್ಲ. ಬಡಿಸುವವರು ಅವನ ಎಲೆಗೆ ಹೋಳಿಗೆ ಹಾಕಿ, ತುಪ್ಪ ಹಾಕಿ, ಇನ್ನೊಂದು ಹಾಕಲೇ ಎಂದು ಒತ್ತಾಯ ಮಾಡುತ್ತಿದ್ದರು. ನಾನು ಎಲೆ ಬಿಟ್ಟು ಎದ್ದೆ. ಯಾಕೆ ಎದ್ದೆ ಎಂದು ಯಾರೂ ಕೇಳಲಿಲ್ಲ. ಅವನು ಯಾರೆಂದು ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

ನಮ್ಮ ಮನೆಯ ಗೋಡೆಯ ಮೇಲೆ ಸತ್ತವರ ಫೋಟೋಗಳಿವೆ. ಅವಳದಿಲ್ಲ, ತೆಗೆಸಿರಲೇ ಇಲ್ಲ. ನಿಮ್ಮಪ್ಪನಿಗೆ ಅವಳ ಮುಖ ನೆನಪಿಲ್ಲ. ಸೋದರತ್ತೆಯೊಬ್ಬಳಿದ್ದಳು, ಜಡ್ಡಾಗಿ ತೀರಿಕೊಂಡಳು ಎಂದಷ್ಟೇ ಅವನಿಗೆ ಹೇಳಿ ಬೆಳೆಸಿದರು. ನಾನು ಎದುರಾಡಲಿಲ್ಲ. ಅತ್ತೆ ಹೋದರು, ಬೂಬಮ್ಮ ಹೋದಳು, ನಿಮ್ಮ ಅಜ್ಜ ಹೋದರು, ಅಂಗಡಿಯ ಮುದುಕನೂ ಹೋಗಿರಬೇಕು. ಆ ಶಟರಿನ ಒಳಗಿದ್ದವರಲ್ಲಿ ನೆನಪಿರುವುದು ನನಗೊಬ್ಬಳಿಗೇ. ಅವಳಿಗೆ ಜಡ್ಡೇನೂ ಇರಲಿಲ್ಲ, ಪೂಜಾ. ಗಟ್ಟಿಮುಟ್ಟಾಗಿದ್ದಳು. ಇನ್ನೂ ಬದುಕಿರುತ್ತಿದ್ದಳು.

ಈ ಹಾಳೆಗಳನ್ನು ನಿಮ್ಮಪ್ಪನಿಗೆ ಕೊಡುವ ಧೈರ್ಯ ನನಗಿಲ್ಲ. ನೀವು ಇಟ್ಟುಕೊಳ್ಳಿ. ಗೆದ್ದಲು ಹತ್ತದ ಕಡೆ ಇಡಿ, ರದ್ದಿಯವನ ಕೈಗೆ ಹೋಗದಂತೆ ನೋಡಿಕೊಳ್ಳಿ. ನಾನು ಹೋದ ಮೇಲೆ ಒಂದು ದಿನ, ಅವನು ಒಬ್ಬನೇ ಕುಳಿತಿರುವಾಗ ಓದಿ ಹೇಳಿರಿ.